ಪೆಲೆಟ್ ಒಳಗಿನ ಗುಳ್ಳೆಗಳು: ಕ್ಸೆನಾನ್ ಎಲ್ಲಿ ಹೋಗುತ್ತೆ?

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದಿಲ್ಲಿ, ಎಲ್ಲೆಲ್ಲಿಂದಲೋ ಸೇರಿಕೊಂಡಿದ್ದೀರಿ. ಇವತ್ತಿನ ವಿಷಯದ ಹೆಸರು ಕೇಳಿದರೆ ಸ್ವಲ್ಪ ಗಡುಸು ಅನ್ನಿಸಬಹುದು: ಆಕ್ಸೈಡ್ ಅಣು ಇಂಧನದೊಳಗಿನ ಜಡ ಅನಿಲದ ಗುಳ್ಳೆಗಳು. ಆದರೆ ದೋಸೆ ಹಿಟ್ಟು ಉಕ್ಕೋದನ್ನು ನೋಡಿದವರಿಗೆಲ್ಲ ಇದರ ಅರ್ಧ ಭಾಗ ಆಗಲೇ ಗೊತ್ತಿದೆ. ಉಳಿದ ಅರ್ಧವನ್ನು ಮಾತ್ರ ನಾನು ಹೇಳಬೇಕು.

ಅಣು ವಿದ್ಯುತ್ ಸ್ಥಾವರದ ಸುರಕ್ಷತೆ ಅಂದ ಕೂಡಲೇ ಪರ ಮಾತಾಡೋರೂ ವಿರೋಧ ಮಾತಾಡೋರೂ ಆ ದೊಡ್ಡ ಕಾಂಕ್ರೀಟ್ ಗುಮ್ಮಟವನ್ನೇ ತೋರಿಸ್ತಾರೆ. ಗುಮ್ಮಟ ಕೊನೆಯ ಗೋಡೆ ಕಣ್ರೀ. ಮೊದಲನೇ ಗೋಡೆ ಇಂಧನದ ಪೆಲೆಟ್ಟೇ. ಅಲ್ಲಿ ಹುಟ್ಟುವ ವಿಕಿರಣಶೀಲ ವಸ್ತುಗಳಲ್ಲಿ ಬಹುಪಾಲು ಆ ಕಪ್ಪು ಪೆಲೆಟ್ಟಿನ ಒಳಗೇ ಉಳಿದುಬಿಡುತ್ತವೆ. ಹಾಗೆ ಉಳಿಯೋದಕ್ಕೆ ಅತ್ಯಂತ ಕಷ್ಟಪಡೋದು ಅನಿಲಗಳು. ಅವು ಹೇಗೆ ಉಳೀತವೆ, ಯಾವಾಗ ಕೈತಪ್ಪಿ ಹೋಗ್ತವೆ, ಇದೇ ಇವತ್ತಿನ ಮಾತು.

ಹೈದರಾಬಾದಿನಲ್ಲಿರೋರು ಇಸಿಐಎಲ್ ಕಡೆ ಹೋಗಿದ್ದರೆ ನ್ಯೂಕ್ಲಿಯರ್ ಫ್ಯುಯಲ್ ಕಾಂಪ್ಲೆಕ್ಸ್ ಹೆಸರಿನ ಬೋರ್ಡು ನೋಡಿರಬಹುದು. ನಮ್ಮ ಭಾರಜಲ ರಿಯಾಕ್ಟರುಗಳ ಇಂಧನ ತಯಾರಾಗೋದು ಅಲ್ಲೇ. ಯುರೇನಿಯಂ ಡಯಾಕ್ಸೈಡ್ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಮಾರು 1,700 ಡಿಗ್ರಿಯ ಕುಲುಮೆಯಲ್ಲಿ ಸುಟ್ಟರೆ ಗಟ್ಟಿಯಾದ ಕಪ್ಪು ಪೆಲೆಟ್ ಸಿಗುತ್ತೆ. ಒಂಥರಾ ಮಡಕೆ ಸುಟ್ಟ ಹಾಗೇ. ಇಂಥ ಪೆಲೆಟ್ಟುಗಳನ್ನು ಜಿರ್ಕೋನಿಯಂ ಮಿಶ್ರಲೋಹದ ತೆಳು ಕೊಳವೆಯಲ್ಲಿ ಸಾಲಾಗಿ ತುಂಬಿ ಎರಡೂ ತುದಿ ಮುಚ್ಚುತ್ತಾರೆ. ಅಂಥ 19 ಕೊಳವೆ ಸೇರಿ ಅರ್ಧ ಮೀಟರ್ ಉದ್ದದ ಒಂದು ಬಂಡಲ್. ಉತ್ತರ ಕನ್ನಡದ ಕೈಗಾದ ಒಂದೊಂದು ರಿಯಾಕ್ಟರಿನಲ್ಲೂ ಇಂಥ 3,672 ಬಂಡಲ್ ಇರುತ್ತವೆ.

ಪೆಲೆಟ್ ನುಣುಪಾಗಿ ಒಂದೇ ತುಂಡಿನ ಹಾಗೆ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅದು ಸಣ್ಣ ಸಣ್ಣ ಹರಳುಗಳ ಗುಂಪು. ಒಂದೊಂದು ಹರಳು ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ಇಂಗ್ಲಿಷಿನಲ್ಲಿ ಇದನ್ನು ಗ್ರೇನ್ ಅಂತಾರೆ, ನಾನು ಕಾಳು ಅಂತೀನಿ. ಕಾಳು ಮತ್ತು ಕಾಳಿನ ಅಂಚು, ಈ ಎರಡನ್ನು ನೆನಪಿಟ್ಟುಕೊಳ್ಳಿ. ಕಥೆಯೆಲ್ಲ ಇಲ್ಲೇ ನಡೆಯೋದು.

ಈಗ ರಿಯಾಕ್ಟರ್ ಶುರುವಾಯ್ತು. ಒಂದು ಯುರೇನಿಯಂ ಪರಮಾಣು ಒಡೆದರೆ ಎರಡು ಚೂರು. ಯಾವ ಎರಡು ಅನ್ನೋದು ಪ್ರತಿ ಸಲ ಬೇರೆ ಬೇರೆ. ನೂರು ಸಲ ಒಡೆದರೆ ಅದರಲ್ಲಿ ಹತ್ತಿರ ಹತ್ತಿರ ಮೂವತ್ತು ಪರಮಾಣುಗಳು ಕ್ಸೆನಾನ್ ಅಥವಾ ಕ್ರಿಪ್ಟಾನ್ ಆಗಿ ನಿಲ್ಲುತ್ತವೆ. ಕ್ಸೆನಾನೇ ಜಾಸ್ತಿ, ಕ್ರಿಪ್ಟಾನಿಗಿಂತ ಆರೇಳು ಪಟ್ಟು. ಇಲ್ಲಿ ಒಂದು ಗೊಂದಲ ಬಗೆಹರಿಸಿಬಿಡ್ತೀನಿ. ಚೆರ್ನೋಬಿಲ್ ಸರಣಿ ನೋಡಿದವರು 'ಕ್ಸೆನಾನ್ ವಿಷ' ಅನ್ನೋ ಮಾತು ಕೇಳಿರ್ತೀರಿ. ಅದು ಕ್ಸೆನಾನ್-135. ಒಂಬತ್ತು ಗಂಟೆ ಚಿಲ್ಲರೆಗೆ ಅರ್ಧ ಆಗಿಬಿಡುತ್ತೆ. ನ್ಯೂಟ್ರಾನ್ ನುಂಗೋದು ಅದರ ಕಸುಬು. ನಾವು ಮಾತಾಡ್ತಿರೋದು ಬಹುತೇಕ ಕೊಳೆಯದೆ ಉಳಿಯುವ ಕ್ಸೆನಾನ್ ಬಗ್ಗೆ. ಅದು ಏನನ್ನೂ ನುಂಗಲ್ಲ, ಆದರೆ ಎಲ್ಲಿಗೂ ಹೋಗಲ್ಲ, ವರ್ಷಗಟ್ಟಲೆ ಶೇಖರ ಆಗ್ತಾನೇ ಇರುತ್ತೆ.

ಎಷ್ಟು ಅಂತ ಒಂದು ಅಂದಾಜು ಲೆಕ್ಕ ಹಾಕೋಣ. ಇಂಧನ ಎಷ್ಟು ಉರಿದಿದೆ ಅನ್ನೋದಕ್ಕೆ ಬರ್ನಪ್ ಅಂತಾರೆ. ಒಂದು ಟನ್ ಯುರೇನಿಯಂನಿಂದ ಎಷ್ಟು ಮೆಗಾವ್ಯಾಟ್-ದಿನ ಶಾಖ ತೆಗೆದಿರಿ ಅನ್ನೋದು ಅದರ ಅಳತೆ. ಒಂದು ಮೆಗಾವ್ಯಾಟ್-ದಿನಕ್ಕೆ ಹುಟ್ಟೋ ಅನಿಲ, ನಮ್ಮ ಸುತ್ತಲಿನ ವಾತಾವರಣದ ಒತ್ತಡದಲ್ಲಿ ಅಳೆದರೆ, ಸುಮಾರು 30 ಘನ ಸೆಂಟಿಮೀಟರ್. ಕೈಗಾದಂಥ ರಿಯಾಕ್ಟರಿನಲ್ಲಿ ಬರ್ನಪ್ ಸುಮಾರು 7,000. ಹಾಗಾಗಿ ಒಂದು ಘನ ಸೆಂಟಿಮೀಟರ್ ಇಂಧನದೊಳಗೆ ಸುಮಾರು ಎರಡು ಘನ ಸೆಂಟಿಮೀಟರ್ ಅನಿಲ. ಸಮೃದ್ಧ ಯುರೇನಿಯಂ ಹಾಕುವ, ಒತ್ತಡದ ಸಾದಾ ನೀರಿನ ರಿಯಾಕ್ಟರುಗಳಲ್ಲಿ ಬರ್ನಪ್ 50,000ದ ತನಕ ಹೋಗುತ್ತೆ. ಅಲ್ಲಿ ಅದೇ ಒಂದು ಘನ ಸೆಂಟಿಮೀಟರಿನೊಳಗೆ ಹದಿಮೂರು ಹದಿನಾಲ್ಕು ಘನ ಸೆಂಟಿಮೀಟರ್ ಅನಿಲ. ಅದೂ ಏನು, ಟೊಳ್ಳು ಡಬ್ಬಿಯಲ್ಲ, ಗಟ್ಟಿ ಕಲ್ಲು!

ಕ್ಸೆನಾನಿಗೆ ಆ ಕಲ್ಲಿನೊಳಗೆ ಜಾಗ ಇಲ್ಲ. ಯುರೇನಿಯಂ ಡಯಾಕ್ಸೈಡ್ ಅಂದರೆ ಯುರೇನಿಯಂ, ಆಕ್ಸಿಜನ್ ಅಚ್ಚುಕಟ್ಟಾಗಿ ಜೋಡಿಸಿಕೊಂಡ ಜಾಲರಿ. ಕ್ಸೆನಾನ್ ಯಾರ ಜೊತೆಯೂ ಬಂಧ ಮಾಡಿಕೊಳ್ಳಲ್ಲ, ಮೈ ಬೇರೆ ದೊಡ್ಡದು. ಒಂದು ಯುರೇನಿಯಂ, ಒಂದೆರಡು ಆಕ್ಸಿಜನ್ ಎದ್ದುಹೋದ ಖಾಲಿ ಜಾಗ ಸಿಕ್ಕರೆ ಅಲ್ಲಿ ಹೇಗೋ ಕೂತುಕೊಳ್ಳುತ್ತೆ. ಅಂಥ ಖಾಲಿ ಜಾಗಗಳ ಜೊತೆಗೇ ನಿಧಾನವಾಗಿ ಸರಿಯುತ್ತಾ, ಇನ್ನೊಂದು ಕ್ಸೆನಾನ್ ಸಿಕ್ಕರೆ ಪಕ್ಕದಲ್ಲಿ ನಿಲ್ಲುತ್ತೆ. ಎರಡು ನಾಲ್ಕಾಗಿ, ಹತ್ತಾಗಿ ಒಂದು ಗುಳ್ಳೆ. ಒಂದೆರಡು ನ್ಯಾನೋಮೀಟರ್ ಅಗಲದ ಗುಳ್ಳೆ. ಇಂಥವು ಒಂದು ಘನ ಮೈಕ್ರಾನಿನೊಳಗೆ ಲಕ್ಷಗಟ್ಟಲೆ ಇರುತ್ತವೆ.

ಅಷ್ಟು ಸಣ್ಣ ಗುಳ್ಳೆಯೊಳಗೆ ಒತ್ತಡ ಎಷ್ಟಿರಬಹುದು? ಸೋಪಿನ ಗುಳ್ಳೆಯ ಲೆಕ್ಕವೇ ಇಲ್ಲೂ: ಗುಳ್ಳೆ ಸಣ್ಣದಾದಷ್ಟೂ ಮೇಲ್ಮೈ ಅದನ್ನು ಹೆಚ್ಚು ಹಿಂಡುತ್ತೆ. ಒಂದು ನ್ಯಾನೋಮೀಟರ್ ತ್ರಿಜ್ಯಕ್ಕೆ ಲೆಕ್ಕ ಹಾಕಿದರೆ ವಾತಾವರಣದ ಒತ್ತಡದ ಇಪ್ಪತ್ತು ಸಾವಿರ ಪಟ್ಟು ಬರುತ್ತೆ. ಅನಿಲ ಅಂತ ಕರೀತೀವಿ ಅಷ್ಟೇ, ಆ ಒತ್ತಡದಲ್ಲಿ ಅದರ ದಟ್ಟಣೆ ಘನವಸ್ತುವಿಗೆ ಹತ್ತಿರ.

ಇಲ್ಲಿಯ ತನಕ ಎಲ್ಲ ಸಹಜವಾಗಿಯೇ ಇದೆ, ಅಲ್ವಾ? ರಾತ್ರಿ ರುಬ್ಬಿಟ್ಟ ಹಿಟ್ಟಿನಲ್ಲೂ ಹೀಗೇ: ಸಣ್ಣ ಗುಳ್ಳೆ ಹುಟ್ಟುತ್ತೆ, ಸೇರುತ್ತೆ, ದೊಡ್ಡದಾಗುತ್ತೆ, ಬೆಳಗ್ಗೆಗೆ ಪಾತ್ರೆಯಿಂದ ಹೊರಗೆ. 1950ರ ದಶಕದ ಕೊನೆಯಲ್ಲಿ ಈ ಬಗ್ಗೆ ಯೋಚಿಸಿದ ವಿಜ್ಞಾನಿಗಳ ಭಯವೂ ಇದೇ ಆಗಿತ್ತು. ಗುಳ್ಳೆಗಳು ಬೆಳೆದು ಇಂಧನ ಊದಿಕೊಂಡು ಕೊಳವೆಯನ್ನು ಸೀಳಿಬಿಡುತ್ತೇನೋ ಅಂತ. ಆದರೆ ಉರಿದ ಇಂಧನವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವಿಚಿತ್ರ ಕಂಡಿತು. ಕಾಳಿನ ಒಳಗಿನ ಗುಳ್ಳೆಗಳು ಬೆಳೆದೇ ಇಲ್ಲ. ಬರ್ನಪ್ ಹೆಚ್ಚಾದರೂ ಅವು ಅದೇ ಒಂದೆರಡು ನ್ಯಾನೋಮೀಟರ್. ಇನ್ನೂ ವಿಚಿತ್ರ ಅಂದರೆ ಹಲವು ಗುಳ್ಳೆಗಳು ನೇರ ಸಾಲಿನಲ್ಲಿ ನಿಂತಿದ್ದವು, ಯಾರೋ ದಾರಕ್ಕೆ ಮಣಿ ಪೋಣಿಸಿಟ್ಟ ಹಾಗೆ.

ಈ ಒಗಟಿನ ಉತ್ತರ ನನಗೆ ಇಡೀ ವಿಷಯದಲ್ಲೇ ತುಂಬಾ ಇಷ್ಟವಾದದ್ದು. ಯುರೇನಿಯಂ ಒಡೆದಾಗ ಹಾರುವ ಆ ಎರಡು ಚೂರುಗಳಿವೆಯಲ್ಲ, ಅವು ಭಾರೀ ವೇಗದಲ್ಲಿ ಆರರಿಂದ ಹತ್ತು ಮೈಕ್ರಾನ್ ದೂರ ನುಗ್ಗಿ ಹೋಗ್ತವೆ. ಅಂದರೆ ಹೆಚ್ಚೂಕಡಿಮೆ ಒಂದು ಕಾಳಿನ ಈ ಕಡೆಯಿಂದ ಆ ಕಡೆಗೆ. ದಾರಿಯಲ್ಲಿ ಸಿಕ್ಕ ಗುಳ್ಳೆಯನ್ನು ಚೆಲ್ಲಾಪಿಲ್ಲಿ ಮಾಡಿಬಿಡ್ತವೆ. ಗುಳ್ಳೆಯಲ್ಲಿದ್ದ ಕ್ಸೆನಾನ್ ಪರಮಾಣುಗಳು ಮತ್ತೆ ಜಾಲರಿಯೊಳಗೆ ಚದುರಿ ಬೀಳ್ತವೆ. ಆಮೇಲೆ ಅವು ಮತ್ತೆ ಮೊದಲಿಂದ ಸೇರಿಕೊಳ್ಳಬೇಕು. ಚೂರು ಹಾದುಹೋದ ಜಾಡಿನಲ್ಲೇ ಹೊಸ ಗುಳ್ಳೆಗಳೂ ಹುಟ್ಟುತ್ತವೆ. ಅದಕ್ಕೇ ಆ ನೇರ ಸಾಲು. ಒಂದು ಗುಳ್ಳೆಯ ಆಯುಸ್ಸು ನಿಮಿಷಗಳಿಂದ ಗಂಟೆಗಳ ಲೆಕ್ಕದ್ದು. ಹಿಟ್ಟು ಉಕ್ಕೋದಕ್ಕೆ ಬಿಡದೆ ಯಾರೋ ಸೌಟು ಹಾಕಿ ತಿರುಗಿಸ್ತಾನೇ ಇದ್ದ ಹಾಗೆ. ಅನಿಲವನ್ನು ಹುಟ್ಟಿಸೋದೂ ವಿದಳನವೇ, ಆ ಅನಿಲದ ಗುಳ್ಳೆಯನ್ನು ಒಡೆದು ಸಣ್ಣದಾಗಿ ಇಡೋದೂ ವಿದಳನವೇ.

ಈ ಮರುಕರಗುವಿಕೆಯನ್ನು ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಆರ್. ಎಸ್. ನೆಲ್ಸನ್ 1969ರಲ್ಲಿ ಒಂದು ರೀತಿ ವಿವರಿಸಿದರು: ಗುಳ್ಳೆಯಿಂದ ಪರಮಾಣುಗಳು ಒಂದೊಂದಾಗಿ ಹೊರಗೆ ತಳ್ಳಿಸಿಕೊಳ್ಳುತ್ತವೆ ಅಂತ. 1971ರಲ್ಲಿ ಜೆ. ಎ. ಟರ್ನ್‌ಬುಲ್ ಇನ್ನೊಂದು ರೀತಿ ಹೇಳಿದರು: ಚೂರು ಹಾದುಹೋದರೆ ಇಡೀ ಗುಳ್ಳೆಯೇ ಒಂದೇ ಏಟಿಗೆ ನಾಶ. ಟರ್ನ್‌ಬುಲ್ ಇದ್ದದ್ದು ಬರ್ಕ್ಲಿಯಲ್ಲಿ, ಆದರೆ ನಮ್ಮ ಹುಡುಗರು ಎಂ.ಎಸ್. ಮಾಡೋದಕ್ಕೆ ಹೋಗೋ ಕ್ಯಾಲಿಫೋರ್ನಿಯಾದ ಬರ್ಕ್ಲಿ ಅಲ್ಲ, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಬರ್ಕ್ಲಿ. ಇಬ್ಬರಲ್ಲಿ ಯಾರು ಸರಿ ಅನ್ನೋ ಚರ್ಚೆ ಕಂಪ್ಯೂಟರ್‌ನಲ್ಲಿ ಪರಮಾಣು ಪರಮಾಣುವನ್ನೂ ಓಡಿಸಿ ನೋಡುವ ಈ ಕಾಲದಲ್ಲೂ ನಡೀತಿದೆ. ಆಕ್ಸೈಡ್ ಇಂಧನದ ಮಟ್ಟಿಗೆ ಟರ್ನ್‌ಬುಲ್ ಕಡೆಗೆ ತೂಕ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಸರಿ, ಕಾಳಿನೊಳಗೆ ಸೌಟು ತಿರುಗ್ತಿದೆ. ಹಾಗಂತ ಅನಿಲ ಪೂರ್ತಿ ಬಂದಿಯಾಯಿತೇ? ಇಲ್ಲ. ಚದುರಿದ ಪರಮಾಣುಗಳಲ್ಲಿ ಕೆಲವು ಅಡ್ಡಾಡುತ್ತಾ ಅಡ್ಡಾಡುತ್ತಾ ಕಾಳಿನ ಅಂಚಿಗೆ ಬಂದುಬಿಡ್ತವೆ. 1957ರಲ್ಲಿ ಕೆನಡಾದಲ್ಲಿ ಎ. ಎಚ್. ಬೂತ್ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟರು: ಇಂಧನ ಅಂದರೆ ಚಿಕ್ಕ ಚಿಕ್ಕ ಚೆಂಡುಗಳು, ಅನಿಲ ಚೆಂಡಿನ ಒಳಗಿಂದ ಮೇಲ್ಮೈಗೆ ಸೋರಿ ಬರುತ್ತೆ. ಅರವತ್ತು ವರ್ಷಕ್ಕೂ ಮೇಲಾಯ್ತು, ಇವತ್ತಿನ ದೊಡ್ಡ ದೊಡ್ಡ ಸಾಫ್ಟ್‌ವೇರುಗಳ ಹೊಟ್ಟೆಯೊಳಗೂ ಬೂತ್ ಅವರ ಚೆಂಡು ಇದ್ದೇ ಇದೆ.

ಅಂಚಿನಲ್ಲಿ ಸ್ವಭಾವ ಬದಲಾಗುತ್ತೆ. ಅಲ್ಲಿ ಗುಳ್ಳೆಗಳು ಬೇಳೆಯ ಆಕಾರದಲ್ಲಿ ಚಪ್ಪಟೆಯಾಗಿ ಬೆಳೆದು, ಒಳಗಿನ ಗುಳ್ಳೆಗಿಂತ ನೂರಾರು ಪಟ್ಟು ದೊಡ್ಡವಾಗಬಹುದು. ಅಂಚಿನ ಹತ್ತಿರ ಹತ್ತಿರ ಅರ್ಧದಷ್ಟು ಜಾಗ ಗುಳ್ಳೆಗಳಿಂದ ತುಂಬಿದಾಗ ಒಂದಕ್ಕೊಂದು ತಾಗಿ, ಬಾಗಿಲು ತೆರೆದುಕೊಂಡು, ಮೂರು ಕಾಳು ಸೇರುವ ಮೂಲೆಗಳ ಉದ್ದಕ್ಕೂ ಸುರಂಗ ಆಗುತ್ತೆ. ಆ ಸುರಂಗ ಪೆಲೆಟ್ಟಿನ ಹೊರಗಿನ ತನಕ ಮುಟ್ಟಿದರೆ ಅನಿಲ ಕೊಳವೆಯೊಳಗಿನ ಖಾಲಿ ಜಾಗಕ್ಕೆ ಬಂದು ಬೀಳುತ್ತೆ. ವಿರಾರ್ ಲೋಕಲ್‌ನಲ್ಲಿ ಬಾಗಿಲವರೆಗೆ ಬಂದವನು ಮುಂದಿನ ಸ್ಟೇಷನ್ನಿನಲ್ಲಿ ಇಳಿಯದೆ ಬೇರೆ ದಾರಿಯೇ ಇಲ್ಲವಲ್ಲ, ಹಾಗೆ.

ಇದೆಲ್ಲ ಉಷ್ಣತೆಯ ಮೇಲೆ ನಿಂತಿದೆ. ಯುರೇನಿಯಂ ಡಯಾಕ್ಸೈಡ್ ಶಾಖವನ್ನು ಸರಿಯಾಗಿ ಸಾಗಿಸಲ್ಲ. ಪೆಲೆಟ್ಟಿನ ಹೊರಮೈ 400 ಡಿಗ್ರಿ ಆಸುಪಾಸು ಇದ್ದರೆ, ಐದಾರು ಮಿಲಿಮೀಟರ್ ಒಳಗೆ, ನಡುಮಧ್ಯದಲ್ಲಿ 1,000 ದಾಟಿರುತ್ತೆ, ಹೆಚ್ಚು ಶಕ್ತಿ ತೆಗೆದರೆ 1,500ಕ್ಕೂ ಮೇಲೆ. ನಾರ್ವೆಯ ಹಾಲ್ಡೆನ್ ಎಂಬ ಊರಿನಲ್ಲಿ ಗುಡ್ಡದ ಒಳಗೇ ಕೊರೆದು ಕಟ್ಟಿದ ಒಂದು ಸಂಶೋಧನಾ ರಿಯಾಕ್ಟರ್ ಇತ್ತು, 1959ರಿಂದ 2018ರ ತನಕ. ಅಲ್ಲಿ ಅಳೆದು ಒಂದು ಗಡಿರೇಖೆ ಎಳೆದರು: ಯಾವ ಬರ್ನಪ್‌ಗೆ ನಡುವಿನ ಉಷ್ಣತೆ ಎಷ್ಟಾದರೆ ನೂರರಲ್ಲಿ ಒಂದು ಪಾಲು ಅನಿಲ ಹೊರಬರುತ್ತೆ ಅಂತ. ಬರ್ನಪ್ 5,000 ಇದ್ದಾಗ ಆ ಗಡಿ ಸುಮಾರು 1,400 ಡಿಗ್ರಿ. 20,000ಕ್ಕೆ 1,200ರ ಹತ್ತಿರ. 40,000ಕ್ಕೆ 1,100ರ ಹತ್ತಿರ. ಅಂದರೆ ಇಂಧನ ಹಳೆಯದಾದಷ್ಟೂ ಕಡಿಮೆ ಶಾಖಕ್ಕೇ ಬಾಯಿ ಬಿಡುತ್ತೆ.

ಹೊರಬಂದರೆ ಏನಾಯ್ತೀಗ, ಕೊಳವೆ ಮುಚ್ಚಿದೆಯಲ್ಲ ಅಂತ ಕೇಳಬಹುದು. ಎರಡು ತೊಂದರೆ. ಸಾದಾ ನೀರಿನ ರಿಯಾಕ್ಟರುಗಳಲ್ಲಿ ಪೆಲೆಟ್ಟಿಗೂ ಕೊಳವೆಗೂ ನಡುವಿನ ಸಂದಿನಲ್ಲಿ ಹೀಲಿಯಂ ತುಂಬಿರ್ತಾರೆ, ಅದು ಶಾಖವನ್ನು ಚೆನ್ನಾಗಿ ದಾಟಿಸುತ್ತೆ ಅಂತ. ಕ್ಸೆನಾನ್ ಶಾಖ ದಾಟಿಸೋದು ಹೀಲಿಯಂನ ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟು. ಕ್ಸೆನಾನ್ ಬಂದು ಬೆರೆತರೆ ಶಾಖ ಹೊರಹೋಗೋದು ಕಷ್ಟ, ಪೆಲೆಟ್ ಇನ್ನೂ ಬಿಸಿಯಾಗುತ್ತೆ, ಇನ್ನಷ್ಟು ಕ್ಸೆನಾನ್ ಹೊರಬರುತ್ತೆ. ಎರಡನೆಯದು, ಅನಿಲ ತೆರೆದ ದಾರಿಯಲ್ಲೇ ಅಯೋಡಿನ್, ಸೀಸಿಯಂ ಕೂಡ ಹೊರಡ್ತವೆ. ಅಯೋಡಿನ್ ಕೊಳವೆಯ ಒಳಮೈಯನ್ನು ಕೊರೆದು ಬಿರುಕು ಬಿಡಿಸಬಲ್ಲದು. ಕೊಳವೆ ಒಡೆದ ದಿನ ಮೊದಲು ಹೊರಬೀಳೋದು ಈ ಸಂದಿನಲ್ಲಿ ಕೂತಿರೋ ಸರಕೇ. ಎಂಟು ದಿನಕ್ಕೆ ಅರ್ಧವಾಗುವ ಅಯೋಡಿನ್-131 ಥೈರಾಯ್ಡಿಗೆ ಹೋಗಿ ಸೇರುತ್ತೆ ಅನ್ನೋದು ನಿಮಗೆ ಗೊತ್ತಿದೆ.

ಈಗ ಕೈಗಾಕ್ಕೆ ಬರ್ತೀನಿ. ಕೈಗಾದ ಮೊದಲನೇ ಘಟಕ 2018ರ ಡಿಸೆಂಬರ್ 31ರ ತನಕ ನಿಲ್ಲದೆ 962 ದಿನ ನಡೆದು ಆಗಿನ ಮಟ್ಟಿಗೆ ವಿಶ್ವದಾಖಲೆ ಮಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಅಷ್ಟು ದಿನ ಅದೇ ಇಂಧನ ಉರೀತಾ ಇತ್ತು ಅಂದುಕೊಳ್ಳಬೇಡಿ. ಈ ರಿಯಾಕ್ಟರುಗಳಲ್ಲಿ ನಡೀತಿರುವಾಗಲೇ ಬಂಡಲ್ ಬದಲಾಯಿಸಬಹುದು. ದಿನಕ್ಕೆ ಸರಾಸರಿ ಎಂಟು ಬಂಡಲ್ ಹೊರಗೆ, ಎಂಟು ಒಳಗೆ. ಒಂದು ಬಂಡಲ್ ಒಳಗಿರೋದು ಒಂದು, ಒಂದೂವರೆ ವರ್ಷ ಅಷ್ಟೇ. ಗುಳ್ಳೆಗಳ ದೃಷ್ಟಿಯಿಂದ ಇದು ಬಹಳ ನೆಮ್ಮದಿಯ ಏರ್ಪಾಡು, ಅನಿಲ ಶೇಖರವಾಗೋ ಮುಂಚೆಯೇ ಬಂಡಲ್ ಹೊರಗೆ. ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಇಲ್ಲಿ ಕೊಳವೆಯ ಗೋಡೆ ಅರ್ಧ ಮಿಲಿಮೀಟರಿಗಿಂತ ತೆಳು, ಹೊರಗಿನ ಭಾರಜಲದ ಒತ್ತಡಕ್ಕೆ ಪೆಲೆಟ್ಟಿಗೆ ಅಂಟಿಕೊಂಡೇ ಇರುತ್ತೆ. ಅನಿಲ ಹೊರಬಂದರೆ ಕೂರೋದಕ್ಕೆ ಅಂತ ಬೇರೆ ಕೋಣೆಯನ್ನೇನೂ ಬಿಟ್ಟಿಲ್ಲ.

ಸಹಜ ಯುರೇನಿಯಂ ಬದಲು ತುಸು ಸಮೃದ್ಧಗೊಳಿಸಿದ ಯುರೇನಿಯಂ ಹಾಕಿ ಬರ್ನಪ್ ಹೆಚ್ಚಿಸೋಣ ಅನ್ನೋ ಮಾತು ಭಾರಜಲ ರಿಯಾಕ್ಟರುಗಳ ಲೋಕದಲ್ಲಿ ಹಳೆಯದು. ಅರ್ಜೆಂಟೀನಾದ ಅಟುಚಾ-1ರಲ್ಲಿ ಶೇಕಡಾ 0.85ಕ್ಕೆ ಏರಿಸಿ ಬರ್ನಪ್ ಸುಮಾರು ಎರಡು ಪಟ್ಟು ಮಾಡಿಕೊಂಡರು. ಇಂಧನ ಉಳಿಯುತ್ತೆ, ಉರಿದ ಇಂಧನದ ರಾಶಿಯೂ ಕಡಿಮೆಯಾಗುತ್ತೆ. ಆ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಅದೇ ಕಾಗದದ ಪಕ್ಕದಲ್ಲಿ ಗುಳ್ಳೆಯ ಲೆಕ್ಕವನ್ನೂ ಇಟ್ಟು ಮಾತಾಡಬೇಕು ಅನ್ನೋದಷ್ಟೇ ನನ್ನ ಹಟ. ಅದು ಯಾಕೆ ಅಂತ ಹಾಲ್ಡೆನ್‌ನ ಇನ್ನೊಂದು ಪ್ರಯೋಗ ತೋರಿಸಿಕೊಟ್ಟಿತು.

ಬರ್ನಪ್ ತುಂಬಾ ಹೆಚ್ಚಾದಾಗ, ಸ್ಥಳೀಯವಾಗಿ 60,000-70,000 ದಾಟಿದಾಗ, ಪೆಲೆಟ್ಟಿನ ಹೊರ ಅಂಚಿನಲ್ಲಿ ಒಂದು ಬದಲಾವಣೆ ಆಗುತ್ತೆ. ಅಲ್ಲಿ ಉಷ್ಣತೆ ಕಡಿಮೆ, ಆದರೆ ನ್ಯೂಟ್ರಾನ್ ನುಂಗಿ ಹುಟ್ಟಿದ ಪ್ಲುಟೋನಿಯಂ ಜಾಸ್ತಿ, ಹಾಗಾಗಿ ವಿದಳನವೂ ಜಾಸ್ತಿ. ಹತ್ತು ಮೈಕ್ರಾನಿನ ಒಂದೊಂದು ಕಾಳೂ ತಾನಾಗಿಯೇ ಒಡೆದು ಮೈಕ್ರಾನಿನ ಕೆಲವೇ ಹತ್ತನೇ ಭಾಗದಷ್ಟು ಸಣ್ಣ ಸಾವಿರಾರು ನುಚ್ಚಾಗುತ್ತೆ. ಅನಿಲವೆಲ್ಲ ನುಚ್ಚಿನಿಂದ ಹೊರಬಂದು ಒಂದು ಮೈಕ್ರಾನ್ ಅಳತೆಯ ದೊಡ್ಡ ಗುಳ್ಳೆಗಳಲ್ಲಿ ಸೇರುತ್ತೆ. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಹೂಕೋಸು ಅಂತಾರೆ. ಇಷ್ಟು ದೊಡ್ಡ ಗುಳ್ಳೆಯನ್ನು ವಿದಳನದ ಚೂರು ಒಡೆದುಹಾಕೋದಕ್ಕೆ ಆಗಲ್ಲ, ತುದಿಯಲ್ಲಿ ಒಂದಿಷ್ಟು ಪರಮಾಣು ಕೆರೆದುಹಾಕಬಹುದು ಅಷ್ಟೇ. ಆದರೂ ಅನಿಲದ ಬಹುಪಾಲು ಅಲ್ಲೇ ನಿಲ್ಲುತ್ತೆ, ಯಾಕಂದರೆ ಸುತ್ತ ತಂಪಾಗಿದೆ, ಹೊರಗಿಂದ ಕೊಳವೆ ಬಿಗಿಯಾಗಿ ಹಿಡಿದಿದೆ.

2006ರಲ್ಲಿ ಹಾಲ್ಡೆನ್‌ನಲ್ಲಿ 92,000 ಬರ್ನಪ್ ಆದ ಒಂದು ಇಂಧನ ಕಡ್ಡಿಯನ್ನು, ತಂಪುನೀರು ಬರಿದಾದ ಅಪಘಾತದ ಹಾಗೆ ಬಿಸಿ ಮಾಡಿದರು. ಕೊಳವೆ ಬಲೂನಿನ ಹಾಗೆ ಉಬ್ಬಿ ಒಡೆಯಿತು. ಅದು ನಿರೀಕ್ಷಿತವೇ. ಆದರೆ ಒಳಗಿನ ಪೆಲೆಟ್ಟುಗಳು ನುಚ್ಚುನೂರಾಗಿ ಕೆಳಕ್ಕೆ ಸುರಿದು, ಒಂದಷ್ಟು ಕೊಳವೆಯ ಹೊರಗೂ ಹೋದವು. ಕೊಳವೆ ಉಬ್ಬಿದಾಗ ಹಿಡಿತ ತಪ್ಪಿತು, ಶಾಖ ಏರಿತು, ಗುಳ್ಳೆಗಳೊಳಗಿನ ಒತ್ತಡ ಕಾಳಿನ ಅಂಚುಗಳನ್ನು ಸೀಳಿಬಿಟ್ಟಿತು. ಆ ಗಳಿಗೆಯಲ್ಲಿ ಇನ್ನೊಂದನ್ನೂ ಗಮನಿಸಿ: ಅಪಘಾತದಲ್ಲಿ ರಿಯಾಕ್ಟರ್ ತಕ್ಷಣ ನಿಲ್ಲುತ್ತೆ, ವಿದಳನ ನಿಲ್ಲುತ್ತೆ. ಅಂದರೆ ಸೌಟು ತಿರುಗಿಸೋರು ಇಲ್ಲ. ಆಮೇಲೆ ಬಿಸಿ ಏರಿದರೆ ಕಾಳಿನೊಳಗಿನ ಸಣ್ಣ ಗುಳ್ಳೆಗಳಿಗೂ ಬೆಳೆಯೋದಕ್ಕೆ ಅಡ್ಡಿ ಇಲ್ಲ.

ಅಮೆರಿಕದ ನಿಯಂತ್ರಣ ಮಂಡಳಿ ಕಡ್ಡಿಯ ಸರಾಸರಿ ಬರ್ನಪ್ಪಿಗೆ 62,000ದ ಮಿತಿ ಇಟ್ಟಿದೆ. ಅದನ್ನು 75,000ದ ಕಡೆಗೆ ಏರಿಸಬೇಕು ಅನ್ನೋದು ಅಲ್ಲಿನ ಕಂಪನಿಗಳ ಬೇಡಿಕೆ. ಆ ಚರ್ಚೆಯ ಮೇಜಿನ ಮೇಲೆ ಇರೋದು ಮುಖ್ಯವಾಗಿ ಇದೇ ಪ್ರಶ್ನೆ: ನುಚ್ಚಾಗೋದು ಯಾವಾಗ, ಎಷ್ಟು, ಎಲ್ಲಿಗೆ ಸುರಿಯುತ್ತೆ? ಪರಿಹಾರವಾಗಿ ಕ್ರೋಮಿಯಂ ಆಕ್ಸೈಡ್ ಚಿಟಿಕೆಯಷ್ಟು ಬೆರೆಸಿ ಐವತ್ತು ಮೈಕ್ರಾನಿನ ದೊಡ್ಡ ಕಾಳು ಬೆಳೆಸುವ ಪೆಲೆಟ್ಟುಗಳೂ ಬಂದಿವೆ. ಕಾಳು ದೊಡ್ಡದಾದರೆ ಅನಿಲ ಅಂಚಿಗೆ ತಲುಪೋದಕ್ಕೆ ದೂರ ನಡೀಬೇಕು. ಸರಳ ಉಪಾಯ, ನನಗೆ ಇಷ್ಟ.

ಚೆನ್ನೈನವರಿಗೆ ಒಂದು ಮಾತು. ಕಲ್ಪಾಕಂನ ಹೊಸ ವೇಗದ ರಿಯಾಕ್ಟರಿಗೆ ಯುರೇನಿಯಂ-ಪ್ಲುಟೋನಿಯಂ ಮಿಶ್ರ ಆಕ್ಸೈಡ್ ಇಂಧನ. ವೇಗದ ರಿಯಾಕ್ಟರುಗಳಲ್ಲಿ ಆಕ್ಸೈಡ್ ಎಷ್ಟು ಬಿಸಿಯಾಗುತ್ತೆ ಅಂದರೆ, ಪೆಲೆಟ್ಟಿನಲ್ಲಿರುವ ರಂಧ್ರಗಳೇ ಬಿಸಿಯಾದ ನಡುಭಾಗದ ಕಡೆಗೆ ಪ್ರಯಾಣ ಮಾಡ್ತವೆ. ರಂಧ್ರದ ಬಿಸಿ ಕಡೆಯಿಂದ ಇಂಧನ ಆವಿಯಾಗಿ ತಂಪು ಕಡೆಗೆ ಅಂಟಿಕೊಳ್ಳುತ್ತೆ, ರಂಧ್ರ ಅಷ್ಟು ಮುಂದೆ ಸರಿಯುತ್ತೆ. ಎಲ್ಲ ನಡುವಿಗೆ ಹೋಗಿ ಸೇರಿ ಅಲ್ಲೊಂದು ಉದ್ದನೆಯ ಟೊಳ್ಳು ಆಗುತ್ತೆ. ಅಲ್ಲಿ ಅನಿಲವನ್ನು ಹಿಡಿದಿಡುವ ಆಸೆಯನ್ನೇ ಬಿಟ್ಟಿದ್ದಾರೆ. ಬಹುಪಾಲು ಹೊರಬರಲಿ ಅಂತಲೇ ಕಡ್ಡಿಯೊಳಗೆ ಉದ್ದನೆಯ ಖಾಲಿ ಕೋಣೆ ಬಿಟ್ಟಿರ್ತಾರೆ.

ಕೊನೆಗೆ, ಉರಿದು ಮುಗಿದ ಮೇಲೆ ಗುಳ್ಳೆಗಳಿಗೆ ಏನಾಗುತ್ತೆ? ಬಂಡಲ್ ನೀರಿನ ಕೊಳಕ್ಕೆ ಬಂದ ಮೇಲೆ ಪೆಲೆಟ್ ತಂಪಾಗಿ, ಕ್ಸೆನಾನ್ ಸರಿದಾಡೋದು ಹೆಚ್ಚೂಕಡಿಮೆ ನಿಂತೇಹೋಗುತ್ತೆ. ಇದ್ದ ಗುಳ್ಳೆ ಇದ್ದಲ್ಲೇ, ಇದ್ದ ಅಳತೆಯಲ್ಲೇ ವರ್ಷಗಟ್ಟಲೆ. ಪ್ಲುಟೋನಿಯಂ, ಕ್ಯೂರಿಯಂನಂಥವು ಆಲ್ಫಾ ಕಣ ಉಗುಳುತ್ತಾ ನಿಧಾನವಾಗಿ ಹೀಲಿಯಂ ಸೇರಿಸ್ತಾ ಇರ್ತವೆ. ನಮ್ಮ ದೇಶದಲ್ಲಿ ಈ ಇಂಧನ ತಾರಾಪುರಕ್ಕೋ ಕಲ್ಪಾಕಂಗೋ ಮರುಸಂಸ್ಕರಣೆಗೆ ಹೋದಾಗ, ಅಲ್ಲಿ ತುಂಡು ತುಂಡಾಗಿ ಕತ್ತರಿಸಿ ನೈಟ್ರಿಕ್ ಆಮ್ಲದಲ್ಲಿ ಹಾಕ್ತಾರೆ. ಜಾಲರಿ ಕರಗಿ, ಅಷ್ಟು ವರ್ಷ ಒಳಗಿದ್ದ ಕ್ಸೆನಾನ್, ಕ್ರಿಪ್ಟಾನ್ ಎಲ್ಲ ಒಂದೇ ಸಲ ಗುಳುಗುಳು ಅಂತ ಮೇಲೆ ಬರುತ್ತೆ. ಕ್ಸೆನಾನ್ ಅಷ್ಟು ಹೊತ್ತಿಗೆ ನಿರುಪದ್ರವಿ. ಕ್ರಿಪ್ಟಾನ್-85 ಮಾತ್ರ ಇನ್ನೂ ವಿಕಿರಣಶೀಲ, ಹತ್ತೂಮುಕ್ಕಾಲು ವರ್ಷಕ್ಕೆ ಅರ್ಧ. ಜಗತ್ತಿನ ಗಾಳಿಯಲ್ಲಿ ಇವತ್ತು ಅಳೆಯಲು ಸಿಗುವ ಕ್ರಿಪ್ಟಾನ್-85ರ ಬಹುಪಾಲು ಬೇರೆ ಬೇರೆ ದೇಶಗಳ ಇಂಥ ಆಮ್ಲದ ತೊಟ್ಟಿಗಳಿಂದಲೇ ಹೊರಟು ಬಂದದ್ದು.